ಜಿಲಾನಿ ಪಾಷಾ ಓದಿದ ಇಸವಿ

ಮೂರು ವರ್ಷ ದಿನಾ ನಮ್ಮ ನಡುವ ಜಗಳಾಡಿದ ಮನುಷ್ಯಾನ ಮುಖಾನ ನಾನು ನೋಡಿದ್ದಿಲ್ಲ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ.

ನನ್ನ ಹೆಸರು ನಾಗವೇಣಿ. ಮಾನ್ವಿಯಾಗ ಹೈಸ್ಕೂಲ್ ಟೀಚರು, ಸಮಾಜ ವಿಜ್ಞಾನ ಹೇಳ್ತೀನಿ. ಮಧ್ಯಾಹ್ನ ಊಟದ ಗಂಟಿ ಬಾರಿಸಿದ್ರ ಡಬ್ಬಿ ಬಿಚ್ಚೂಕಿಂತ ಮೊದಲ ಫೋನ್ ತಗ್ಯಾಕಿ. ನಾನ ಹುಟ್ಟಿಸಿದ ವಾಟ್ಸಾಪ್ ಗ್ರೂಪ್ ಒಂದದ, ‘ಎಡೆದೊರೆ ಕಟ್ಟಿ’ ಅಂತ. ಕೃಷ್ಣಾ, ತುಂಗಭದ್ರಾ ಎರಡೂ ಹೊಳಿ ನಡುವಿನ ನಮ್ಮ ನಾಡಿಗೆ ಹಳೇ ಮಂದಿ ಇಟ್ಟ ಹೆಸರು ಎಡೆದೊರೆ. ಮಾಸ್ತರು, ವಕೀಲರು, ಅಂಗಡಿಯವ್ರು, ರಿಟೈರ್ ಆದವ್ರು, ಎಲ್ಲಾ ಸೇರಿ ಇನ್ನೂರಾ ನಲವತ್ತು ಮಂದಿ. ರಾಜಕೀಯ ಇರ್ಲಿ, ಇತಿಹಾಸ ಇರ್ಲಿ, ಹೊಸಾ ಯಂತ್ರ ಇರ್ಲಿ, ವಾದ ಮಾಡಬೇಕು, ಬೈಬಾರದು. ಬೈದ್ರ ಹೊರಗ ಹಾಕ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿ ಮ್ಯಾಲ ಇರ್ತದ ಅಂತ ಮನಿಯವ್ರು ಅಂತಾರ, ಅದೇನು ಸುಳ್ಳಲ್ಲ ಬಿಡ್ರಿ.

ಆದ್ರ ಒಂದು ಮಾತು. ಆ ಗ್ರೂಪು ಫೋನಿನೊಳಗ ಅದ ಅಂತ ನನಗ ಎಂದೂ ಅನಿಸಿಲ್ಲ. ಸ್ಟಾಫ್ ರೂಮಿನಾಗ ಫ್ಯಾನ್ ತಿರುಗಾಕತ್ತಿರ್ತದ, ಹೊರಗ ಬಿಸಲು ಬೆಳ್ಳಗ ನಿಂತಿರ್ತದ, ನಾ ಕಣ್ಣು ಅರ್ಧ ಮುಚ್ಚಿದ್ರ ಖರೇನ ಒಂದು ಕಟ್ಟಿ ಕಾಣ್ತಿತ್ತು. ದೊಡ್ಡ ಹುಣಸಿಗಿಡ, ಕೆಳಗ ತಂಪು ನೆರಳು. ಮುಖ ಕಾಣದ ಮಂದಿಗೆಲ್ಲಾ ನಾನ ಒಂದೊಂದು ಮುಖ ಕೊಟ್ಟು ಅಲ್ಲಿ ಕುಂಡ್ರಿಸಿದ್ದೆ. ಜಿಲಾನಿ ಪಾಷಾ ಸಾಹೇಬ್ರನ್ನ ಗಿಡದ ಬಡ್ಡಿಗೇ ಕುಂಡ್ರಿಸಿದ್ದೆ. ಎತ್ತರದ ಆಳು, ದಪ್ಪ ಮೀಸಿ, ಕೈಯಾಗ ಬೆತ್ತ. ಅವರ ಬರವಣಿಗಿ ಹಂಗಿತ್ತು ನೋಡ್ರಿ.

ಸಾಹೇಬ್ರದು ರಾಯಚೂರು. ಕಚೇರಿ ಹತ್ರ ಒಂದು ಬೇವಿನ ಗಿಡದ ಕೆಳಗ ಟೇಬಲ್ ಹಾಕ್ಕೊಂಡು ಹಳೇ ಉರ್ದು ಕಾಗದ ಓದಿ ಕನ್ನಡದಾಗ ಬರದು ಕೊಡೂದು ಅವರ ಕೆಲಸ. ನಿಜಾಮರ ಕಾಲದಾಗ ನಮ್ಮ ಕಡೆ ಹೊಲದ್ದು, ಮನೀದು, ಎಲ್ಲಾ ದಾಖಲೆ ಉರ್ದುದಾಗ ಇದ್ವಲ್ಲ, ಈಗ ಆ ಕೈಬರಹ ಓದಾವ್ರು ಬೆರಳೆಣಿಕಿ ಮಂದಿ ಉಳಿದಾರ. ಶಾಯಿಯಾಗ ಬಿದ್ದ ಇರುವಿ ಹಾಳಿ ಮ್ಯಾಲ ಓಡಿ ಹೋದಂಗ ಇರ್ತಾವ ಆ ಅಕ್ಷರ. ಸಾಹೇಬ್ರು ಅಪ್ಪನ ಕಡೆಯಿಂದ ಕಲ್ತವ್ರು, ನಲವತ್ತು ವರ್ಷದಿಂದ ಅದ ಕೆಲಸ.

ಮಧ್ಯಾಹ್ನ ಎರಡರಿಂದ ನಾಕರ ತನಕ ರಾಯಚೂರಿನ ಬಿಸಲಿಗೆ ಹೆದರಿ ಗಿರಾಕಿ ಬರೂದಿಲ್ಲ. ಆಗ ಸಾಹೇಬ್ರು ಕುರ್ಚಿಗೆ ಒರಗಿ ಅರ್ಧ ನಿದ್ದಿ, ಅರ್ಧ ಫೋನು. ಮಗಳು ನಾಹಿದ್ ಕನ್ನಡ ಟೈಪ್ ಮಾಡೂದು ಕಲಿಸಿದ್ದಳಂತ, ಕಲಿಸಿ ಕೆಟ್ಟೆ ಅಂತಿದ್ದಳಂತ. ಒಂದು ಸಲ ಅವರ ಹೆಂಡತಿ ಜಾಹೆದಾ ಸಾಹೇಬ್ರ ಕೈಯಾಗಿನ ಫೋನ್ ಕಸ್ಕೊಂಡು ಗ್ರೂಪಿಗೇ ದನಿ ಕಳಿಸಿದ್ರು, "ಯಾರವ್ವಾ ನೀವೆಲ್ಲಾ? ನಮ್ಮ ಮನುಷ್ಯಾನ್ನ ಉಣ್ಣಾಕರ ಬಿಡ್ರಿ, ಸಾರು ಆರಿ ನೀರಾಗ್ಯದ!" ನಾವು ಹೊಟ್ಟಿ ಹಿಡ್ಕೊಂಡು ನಕ್ಕಿದ್ದೆವು.

ಇನ್ನೊಂದು ಮಾತು ಅವರ ಬಗ್ಗೆ ಹೇಳಬೇಕು. ಒಂದಿನ ಗ್ರೂಪಿನಾಗ ಬರದಿದ್ರು, ಕಾಗದ ಓದುವಾಗ ಆ ಹೆಸರಿನ ಮನುಷ್ಯಾ ಬಂದು ಟೇಬಲ್ ಮುಂದ ನಿಂದರ್ತಾನ, ಓದಿ ಮುಗದ ಮ್ಯಾಲ ಸಲಾಂ ಮಾಡಿ ಹೋಗ್ತಾನ ಅಂತ. ಹುಡುಗರು, ಸಾಹೇಬ್ರ, ಬಿಸಲು ತಲಿಗೆ ಹತ್ಯದ, ಮಜ್ಜಿಗಿ ಕುಡೀರಿ ಅಂತ ಕಾಡಿಸಿದ್ರು. ನನಗ ಮಾತ್ರ ಅದು ಮಷ್ಕಿರಿ ಅನಿಸಲಿಲ್ಲ. ಇತಿಹಾಸ ಹೇಳುವಾಗ ನನಗೂ ಹಂಗ ಪಾಠದಾಗಿನ ಒಬ್ಬಿಬ್ರು ಬಾಗಲದಾಗ ನಿಂತಂಗ ಆಗ್ತದ.

ಸಾಹೇಬ್ರಿಗೆ ಜೋಡಿ ಅಂದ್ರ ಗೌತಮ. ದೇವದುರ್ಗದ ಕಾಲೇಜಿನಾಗ ಅರ್ಥಶಾಸ್ತ್ರ ಹೇಳ್ತಾನ, ಇನ್ನಾ ಮೂವತ್ತೆರಡರ ಹುಡುಗ. ಊರು ಮಸರಕಲ್ ದಾಟಿ ಹೋದ್ರ ಬಿಳಿಗುಂಡದೊಡ್ಡಿ ಅಂತ ಸಣ್ಣ ಹಳ್ಳಿ. ಅವರಪ್ಪ ಕೂಲಿ ಮಾಡಿ ಓದಿಸ್ಯಾನ, ಮನ್ಯಾಗ ಬುದ್ಧನ ಫೋಟೊ. ಸಾಹೇಬ್ರು, ನಿಜಾಮರ ಕಾಲದಾಗ ಶಾಲಿ ಬಂತು, ಕೋರ್ಟು ಬಂತು ಅಂತ ಬರದ್ರ ಅಂವ, ಆ ಶಾಲ್ಯಾಗ ನಮ್ಮ ಮಂದಿನ್ನ ಎಲ್ಲಿ ಕುಂಡ್ರಿಸಿದ್ರು ಅದನ್ನ ಹೇಳ್ರಿ ಅಂತಿದ್ದ. ವೋಟಿನ ಯಂತ್ರ ನಂಬಬೇಕೋ ಬ್ಯಾಡೋ ಅಂತ ಇಬ್ರೂ ಹನ್ನೊಂದು ದಿನ ಕುಸ್ತಿ ಹಿಡಿದ್ರು. ಎಐ ಬಂದ ಮ್ಯಾಲಂತೂ ಕೇಳಬ್ಯಾಡ್ರಿ. ಇನ್ನ ಮ್ಯಾಲ ಯಂತ್ರನ ನಿಮ್ಮ ಕಾಗದಾ ಓದ್ತದ ಸಾಹೇಬ್ರ ಅಂತ ಇಂವ ಅಂದ್ರ, ಅರೆ ಭಾಯಿ, ನಿನ್ನ ಯಂತ್ರಕ್ಕ ಕಾಗದದ ವಾಸನಿ ಗೊತ್ತದೇನು ಅಂತ ಅವರು. ಜಗಳ ಹೌದು, ಆದ್ರ ಒಂದಿನ ಗೌತಮ ಕಾಣಲಿಲ್ಲ ಅಂದ್ರ ಸಾಹೇಬ್ರ ಕೇಳ್ತಿದ್ರು, ಎಲ್ಲಿ ಹೋಗ್ಯಾನ ನಮ್ಮ ಹುಡುಗ, ಆರಾಮ ಅದಾನಿಲ್ಲ?

ಹೋದ ವರ್ಷ ಮಾರ್ಚಿನಾಗ ಗೌತಮ ಒಂದು ಫೋಟೊ ಹಾಕಿದ. ಹಳದಿ ಹಾಳಿ, ನಡುವ ಕರ್ರಗ ಮಡಿಕಿ, ಒಂದೆರಡು ಸಾಲು ಉರ್ದು. ಕೆಳಗ ಬರದಿದ್ದ:

"ನಮ್ಮ ಕೇರಿ ಬಾವಿ ಹೂಳು ತಗದೀವಿ. ಒಂದು ಕಲ್ಲು ನಿಂದರಸಾವ್ರು ಅದೀವಿ, ‘ಮಾರೆಪ್ಪನ ಬಾವಿ’ ಅಂತ. ಮಾರೆಪ್ಪ ನಮ್ಮ ಅಜ್ಜಿ ವೆಂಕಮ್ಮನ ಅಪ್ಪ, ತಾನ ಮುಂದ ನಿಂತು ತೋಡಿದಾಂವ. ಅಜ್ಜಿಗೆ ತೊಂಬತ್ತಾತು, ಕಣ್ಣಿರೂತನಕ ಅಪ್ಪನ ಹೆಸರು ಕಲ್ಲಿನ ಮ್ಯಾಲ ನೋಡಬೇಕು ಅಂತಾಳ. ಪಂಚಾಯ್ತಿಯವ್ರು ಆಧಾರ ಕೇಳ್ಯಾರ. ಸಾಹೇಬ್ರು ಓದಿ ಹೇಳಬೇಕು."

ಹತ್ತು ನಿಮಿಷದಾಗ ಸಾಹೇಬ್ರ ಉತ್ತರ ಬಂತು. ಕೇರಿಯ ಬಾವಿಗೆ ನೀರು ಬಂತು, ಸನ್ 1355. ಇದಿಷ್ಟ ಇದ್ದದ್ದು, ಯಾರ ಹೆಸರೂ ಇಲ್ಲ. ಕಂದಾಯದ ಕಾಗದದಾಗ ಫಸಲಿ ವರ್ಷ ಬರೀತಿದ್ರು, ಅದಕ್ಕ ಐನೂರಾ ತೊಂಬತ್ತು ಕೂಡಿಸಿದ್ರ ನಮ್ಮ ಇಸವಿ. ಅಂದ್ರ 1945. ಸಾಹೇಬ್ರಿಗೆ ಇದು ನಿದ್ದಿಗಣ್ಣಾಗೂ ಬರ್ತಿತ್ತು. ಅಷ್ಟಕ್ಕ ಬಿಟ್ಟಿದ್ರ ಚೊಲೊ ಇತ್ತು. ಹಿಂದ ಗೌತಮನ ಮನಿ ಜಾಗದ ಕಾಗದಾನೂ ಅವರ ಓದಿ ಕೊಟ್ಟಿದ್ರು, ಅದು ಅವರಿಗೆ ನೆನಪಿತ್ತು. ಅದು ಫಸಲಿ 1351ರದ್ದು, ಜಾಗ ‘ಮಾರೆಪ್ಪನ ವಿಧವೆ’ ಹೆಸರಿಗೆ ಇತ್ತು.

"ಫಸಲಿ ಐವತ್ತೊಂದರಾಗ ಹೆಂಡತಿ ವಿಧವೆ, ಐವತ್ತೈದರಾಗ ಬಾವಿಗೆ ನೀರು," ಅಂತ ಬರದ್ರು ಸಾಹೇಬ್ರು. "ಸತ್ತು ನಾಕು ವರ್ಷಾದ ಮ್ಯಾಲ ಎದ್ದು ಬಂದು ಸಲಿಕಿ ಹಿಡದ್ನೇನು ನಿಮ್ಮ ಮುತ್ತಜ್ಜ?"

ಅರವತ್ತು ಮಂದಿ ನಕ್ಕ ಮುಖ ಒತ್ತಿದ್ರು. ನಾನೂ ಒತ್ತಿದೆ, ಸುಳ್ಳ್ಯಾಕ ಹೇಳಲಿ.

ಗೌತಮ ಬರದ: "ಎಐಗೆ ಕೇಳೀನಿ. 1936 ಇರಬಹುದು, 1945 ಇರಬಹುದು, ಕಾಗದ ಎಲ್ಲಿಂದ ಬಂತು ಅಂತ ತಿಳೀದ ಹೇಳಾಕ ಬರೂದಿಲ್ಲ ಅನ್ನಾಕತ್ತದ."

"ನನಗ ಒಂದ ಇಸವಿ ಕಾಣ್ತದ. ಯಂತ್ರಕ್ಕ ಎರಡು ಕಾಣ್ತಾವಂದ್ರ ಅದಕ್ಕ ಚಾಳೀಸು ಬಂದದ, ಕನ್ನಡಕ ಕೊಡಸು."

ಮತ್ತ ನಗು. ಆಗ ಗೌತಮ, "ಸತ್ತವ್ರ ಮ್ಯಾಲ ಮಷ್ಕಿರಿ ಮಾಡ್ತೀರಲ್ಲ, ನಾಚಿಕಿ ಆಗೂದಿಲ್ಲೇನ್ರಿ ನಿಮಗ?" ಅಂದುಬಿಟ್ಟ. ನನ್ನ ತಲಿ ಧಗ್ ಅಂತು. ಹಿರೇ ಮನುಷ್ಯಾಗ ನಾಚಿಕಿ ಅಂತಾನ! ಫೋನಿನ ಮ್ಯಾಲ್ಗಡೆ ‘ಗೌತಮ ಟೈಪಿಂಗ್’ ಅಂತ ಕಾಣಾಕತ್ತಿತ್ತು. ಭಾಳ ಹೊತ್ತು ಕಂಡಿತು. ಇನ್ನ ಇದಕ್ಕಿಂತ ಕೆಟ್ಟದ್ದು ಬರ್ತದ ಅಂತ ನಾನ ಲೆಕ್ಕ ಹಾಕಿದೆ. ಅಂವ ಬರಿಯೂದು ಮುಗಿಯೂ ಮೊದಲ ಅಂವನ್ನ ಕಟ್ಟಿಯಿಂದ ಹೊರಗ ಹಾಕಿದೆ. ಮೊದಲು ಮಷ್ಕಿರಿ ಮಾಡಿದವ್ರು ಸಾಹೇಬ್ರು, ಅವರಿಗೆ ನಾ ಒಂದು ಮಾತೂ ಅನ್ನಲಿಲ್ಲ.

ಅವತ್ತಿನಿಂದ ಕಟ್ಟಿ ಸಪ್ಪಗಾತು. ಮುಂಜಾನಿ ಹೂವಿನ ಫೋಟೊ, ಶುಭೋದಯ, ಮತ್ತೇನಿಲ್ಲ. ಕಣ್ಣು ಮುಚ್ಚಿದ್ರ ಹುಣಸಿಗಿಡ ಕಾಣ್ತಿತ್ತು, ಕೆಳಗ ಸಾಹೇಬ್ರು ಒಬ್ಬರ ಕುಂತಿರ್ತಿದ್ರು. ಅವರೂ ಬರಿಯೂದು ಬಿಟ್ಟಿದ್ರು.

ಒಂಬತ್ತನೇ ದಿನ ನನಗ ಫೋನ್ ಬಂತು. ತೆಳ್ಳನ, ಒಣಗಿದ ದನಿ. "ನಾಗವೇಣಿ ಟೀಚರ್ ಏನವ್ವಾ? ನಾನು ಜಿಲಾನಿ ಪಾಷಾ." ಆ ಬೆತ್ತದ ಮನುಷ್ಯಾಗ ಈ ದನಿ ಹೊಂದವಲ್ದು, ನಾ ಗಾಬರಿ ಆದೆ.

"ಟೀಚರ್, ಮಧ್ಯಾಹ್ನ ಕಣ್ಣು ಮುಚ್ಚಿದ್ರ ಒಬ್ಬ ಮನುಷ್ಯಾ ಬರ್ತಾನವ್ವಾ. ಹೆಗಲ ಮ್ಯಾಲ ಹಗ್ಗ, ಮೈಯೆಲ್ಲಾ ಕೆಸರು. ಟೇಬಲ್ ಮುಂದ ನಿಂದರ್ತಾನ, ಆದ್ರ ಬೆನ್ನು ತಿರುವಿ. ಏ ಮಾರೆಪ್ಪಾ ಅಂದ್ರ ತಿರುಗಿ ನೋಡವಲ್ಲ. ನಲವತ್ತು ವರ್ಷದಾಗ ಯಾರೂ ನನಗ ಬೆನ್ನು ತೋರಿಸಿಲ್ಲ."

ನಾ ಮುಂದಿದ್ದ ಪಾಠದ ಪುಸ್ತಕ ಮುಚ್ಚಿಟ್ಟೆ.

"ಆ ಫೋಟೊದಾಗ ಮಡಿಕಿ ಇತ್ತು. ಮಡಿಕಿಯೊಳಗ ಒಂದು ಶಬ್ದ ಅದ, ನಾ ನೋಡ್ಲಿಲ್ಲ. ಆ ಕಡೆಯ ಗಿರಾಕಿ ಒಬ್ಬಾಂವ ಹೇಳಿದ, ಸೋಮವಾರ ಕಲ್ಲು ಕೆತ್ತಾಂವ ಬರ್ತಾನಂತ. ‘ಕೇರಿ ಬಾವಿ, 1945’ ಅಂತ ಇಷ್ಟ ಕೆತ್ತಸ್ತಾರಂತ, ಹೆಸರು ಹಾಕೂದಿಲ್ಲಂತ. ನಾನು ಆ ಕಾಗದ ಕೈಯಾಗ ಹಿಡೀಬೇಕು. ನನ್ನ ಫೋನ್ ಆ ಹುಡುಗ ಎತ್ತವಲ್ಲ. ನೀನೂ ಬರ್ತೀ?"

ಆಯ್ತವಾರ ದೇವದುರ್ಗ ಬಸ್ ಸ್ಟ್ಯಾಂಡಿನಾಗ ಅವರನ್ನ ಹುಡಕಾಕ ನನಗ ಅರ್ಧ ತಾಸು ಹಿಡೀತು. ದಪ್ಪ ಮೀಸಿ ಹುಡಕಾಕತ್ತಿದ್ದೆ, ಅವರಿಗೆ ಮೀಸೀನ ಇದ್ದಿಲ್ಲ. ಗುಬ್ಬಿಯಷ್ಟು ಮನುಷ್ಯಾ, ಬಿಳೀ ಅಂಗಿ, ಕೊರಳಿಗೆ ಒದ್ದಿ ಮಾಡಿದ ಕರವಸ್ತ್ರ, ಕಂಕಳದಾಗ ಹಳೇ ಚೀಲ. ಚೀಲದಾಗ ಜಾಹೆದಾ ಕೊಟ್ಟ ರೊಟ್ಟಿ ಗಂಟು. "ಅಜ್ಜಿಗೆ ಕೊಡಬೇಕಂತ, ಬರಿಗೈಲೆ ಹೋಗಿ ಮಾಫಿ ಕೇಳಬ್ಯಾಡ ಅಂದಳು," ಅಂದ್ರು.

ಆಟೊ ಹಿಡಿದು ಮಸರಕಲ್ ದಾಟಿದೆವು. ಹತ್ತಿ ಕಿತ್ತ ಹೊಲ, ಅಲ್ಲೊಂದು ಇಲ್ಲೊಂದು ಬಿಳಿ ತುಣುಕು ಹಾರ್ತಿತ್ತು. ದೂರದ ಗುಡ್ಡ ಬಿಸಲಿನಾಗ ಅಲುಗಾಡಿದಂಗ ಕಾಣ್ತಿತ್ತು, ದಾರಿ ಮುಂದ ನೀರು ನಿಂತಂಗ ಕಂಡು ಹತ್ರ ಹೋದ್ರ ಇಲ್ಲ. ಸಾಹೇಬ್ರು ಕಣ್ಣು ಮುಚ್ಚಿ ತುಟಿ ಅಲುಗಾಡಸ್ತಿದ್ರು. ನಾನು ಎಚ್ಚರದಾಗ ಅದೀನೋ ಕನಸಿನಾಗ ಅದೀನೋ ತಿಳೀವಲ್ದಾಗಿತ್ತು. ಮೂರು ವರ್ಷ ಬರೇ ಅಕ್ಷರ ಆಗಿದ್ದ ಮನುಷ್ಯಾ ಬಾಜೂಕ ಕುಂತು ಬೆವರು ಒರಸ್ಕೊಳ್ಳಾಕತ್ತಿದ್ದ.

ಗೌತಮ ಬಾಗಲದಾಗ ನಿಂತಿದ್ದ. ನಮ್ಮನ್ನ ನೋಡಿ ಮುಖ ಬಿಗದ, ಆದ್ರೂ "ಒಳಗ ಬರ್ರಿ" ಅಂದ. ಚಾಪಿ ಹಾಕಿದ, ನೀರು ಕೊಟ್ಟ. ಒಳಗ ಗ್ವಾಡಿಗೆ ಒರಗಿ ವೆಂಕಮ್ಮಜ್ಜಿ ಕುಂತಿದ್ದಳು.

"ಇವ್ರೇನಾ?" ಅಂದಳು ಅಜ್ಜಿ. "ನಮ್ಮಪ್ಪ ಸತ್ತಮ್ಯಾಲ ಬಾವಿ ತೋಡ್ಯಾನ ಅಂದವ್ರು?"

"ಹೌದವ್ವಾ, ನಾನ," ಅಂದ್ರು ಸಾಹೇಬ್ರು. ತಲಿ ಎತ್ತಲಿಲ್ಲ.

"ನಾ ಓದಿದಾಕಿ ಅಲ್ಲ ಸಾಹೇಬಾ. ನೀರು ಬಂದ ದಿನ ನಮ್ಮವ್ವನ ಬಗಲಾಗಿದ್ದೆನಂತ. ಅಪ್ಪ ಕೆಳಗಿಂದ ಮ್ಯಾಲ ಬಂದು ಮೊದಲನೇ ಬೊಗಸಿ ನನ್ನ ಬಾಯಿಗೆ ಹಾಕಿದ್ನಂತ. ಅವ್ವ ಸಾಯೂತನಕ ಅದನ್ನ ಹೇಳಿದಳು. ಅಪ್ಪನ ಫೋಟೊ ಇಲ್ಲ, ಗೋರಿ ಎಲ್ಲದ ಗೊತ್ತಿಲ್ಲ. ನನಗ ಇದ್ದದ್ದು ಅದೊಂದು ಬೊಗಸಿ ನೀರು. ಅದನ್ನೂ ಸುಳ್ಳು ಅಂದ್ರ ನಾ ಯಾರ ಕೈಯಾಗಿನ ನೀರು ಕುಡದೀನಿ ಹೇಳು?"

ಸಾಹೇಬ್ರು ಚೀಲದಾಗಿನ ರೊಟ್ಟಿ ಗಂಟು ತಗದು ಅಜ್ಜಿ ಮುಂದ ಇಟ್ರು.

ಗೌತಮ ಪ್ಲಾಸ್ಟಿಕ್ ಚೀಲದಾಗಿನ ಕಾಗದ ತಂದು ಸಾಹೇಬ್ರ ಮುಂದ ಇಟ್ಟ. ಅವರು ಎರಡೂ ಕೈಲೆ ತಗೊಂಡ್ರು. ಓದೂಕಿಂತ ಮೊದಲು ಮೂಗಿನ ಹತ್ರ ಹಿಡದ್ರು. ಹಿಡದವ್ರು ಹಂಗ ಕುಂತುಬಿಟ್ರು.

"ಊದಿನ ವಾಸನಿ," ಅಂದ್ರು. "ಗೌತಮ, ಇದು ಎಲ್ಲಿದು?"

"ಮಸೀದಿದು. ನಮ್ಮೂರ ಅಲ್ಲಾಬಕ್ಷ್ ಕಾಕಾನ ಮನ್ಯಾಗ ಮಸೀದಿ ಹಳೇ ವಹಿ ಅದ, ಊರಿನ ಸುದ್ದಿನೂ ಅದರಾಗ ಬರದಿಡ್ತಿದ್ರಂತ. ಅದರ ಹಾಳಿ."

ಸಾಹೇಬ್ರು ಮಡಿಕಿ ಮ್ಯಾಲ ಬೆರಳು ಆಡಿಸಿ ಮೆಲ್ಲಕ ಬಿಡಿಸಿದ್ರು. "ಮಾಹೆ ರಜಬ್," ಅಂತ ಓದಿದ್ರು. "ರಜಬ್ ತಿಂಗಳು. ಯಾ ಅಲ್ಲಾ." ಆಮ್ಯಾಲ ಅಜ್ಜಿ ಕಡೆ ತಿರುಗಿ ಸಣ್ಣ ಕೂಸಿಗೆ ಹೇಳಿದಂಗ ಬಿಡಿಸಿ ಹೇಳಿದ್ರು. ಕಚೇರಿಯವ್ರು ಫಸಲಿ ವರ್ಷ ಬರೀತಿದ್ರು, ಅವರ ತಿಂಗಳ ಹೆಸರು ಬ್ಯಾರೆ, ಬಹಮನ್, ತೀರ್, ಮೆಹರ್ ಅಂತ. ಮಸೀದಿಯವ್ರು ಹಿಜರಿ ವರ್ಷ ಬರೀತಾರ, ರಜಬ್ ಅವರ ತಿಂಗಳು. ಎರಡೂ ವರ್ಷದ ಅಂಕಿ ಹತ್ರ ಹತ್ರ ಇರ್ತಾವ, ಇಸವಿ ಮಾತ್ರ ಬ್ಯಾರೆ. "ಮಸೀದಿಯ 1355 ಅಂದ್ರ 1936 ಅವ್ವಾ. ಮಾರೆಪ್ಪನ ಹೆಂಡತಿ ವಿಧವೆ ಅಂತ ಬರದದ್ದು 1941ರಾಗ. ನೀರು ಬಂದಾಗ ನಿಮ್ಮಪ್ಪ ಜೀವಂತ ಇದ್ದ. ನಿಂದು ಖರೆ. ನಾನು ಕಣ್ಣಿದ್ದೂ ಕುರುಡ."

ಅಜ್ಜಿ ಸೆರಗು ಬಾಯಿಗೆ ಹಿಡ್ಕೊಂಡಳು.

"ಮಸೀದಿದು ಅಂತ ಅವತ್ತ ಹೇಳಬಾರದಾಗಿತ್ತೇನೋ ಹುಡುಗಾ?" ಅಂದ್ರು ಸಾಹೇಬ್ರು, ಅಳು ಬಂದ ದನಿಯಾಗ. "ನಾ ಕೇಳಲಿಲ್ಲ ಅದು ನನ್ನ ತಪ್ಪು. ನಿನ್ನ ಯಂತ್ರ ಕೇಳಿತ್ತು, ನಾ ಕೇಳಲಿಲ್ಲ."

"ಹೇಳಾಕತ್ತಿದ್ದೆ ಸಾಹೇಬ್ರ," ಅಂದ ಗೌತಮ. ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. "ಸಿಟ್ಟಿಲೆ ನಾಚಿಕಿ ಅಂದುಬಿಟ್ಟೆ, ತಪ್ಪಾತು ಅಂತನ ಬರಿಯಾಕತ್ತಿದ್ದೆ. ಕಾಗದ ಮಸೀದಿದು, ಅದಕ್ಕ ಏನರ ಫರಕ್ ಆಗ್ತದೇನು ಅಂತ ಕೇಳಾವಿದ್ದೆ. ಟೈಪ್ ಮಾಡಾಕತ್ತಿದ್ದೆ."

ನೆಲ ಬಾಯ್ ಬಿಟ್ಟಿದ್ರ ಒಳಗ ಇಳೀತಿದ್ದೆ. ಆದ್ರ ನನ್ನ ಸ್ವಭಾವ ನೋಡ್ರಿ, ಅಂಥಾದ್ರಾಗೂ ಕೇಳಿದೆ, "ಆಮ್ಯಾಲರ ಫೋನ್ ಮಾಡಬೇಕಿಲ್ಲೇನಪಾ?"

ಗೌತಮನ ದನಿ ಏರಲಿಲ್ಲ. "ಮೇಡಂ, ನಮ್ಮ ಮುತ್ತಜ್ಜನ್ನ ಊರ ಬಾವಿ ಕಟ್ಟಿಯಿಂದ ಕೆಳಗ ಇಳಿಸಿದ್ರು. ಅಂವ ಮತ್ತ ಹೋಗಿ ಬೇಡಲಿಲ್ಲ, ತಾನ ಒಂದು ತೋಡಿದ. ನಿಮ್ಮ ಕಟ್ಟಿಯಿಂದ ನೀವು ಇಳಿಸಿದ್ರಿ. ನನಗೂ ಬೇಡಾಕ ಮನಸಾಗಲಿಲ್ಲ."

ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಸಮಾನತೆ ಪಾಠ ಹೇಳೀನಿ ನಾನು. ಪರೀಕ್ಷಾದಾಗ ಐದು ಅಂಕದ ಪ್ರಶ್ನಿ ಅದು. ಮುಖ ಮುಚ್ಕೊಂಡು ಅತ್ತುಬಿಟ್ಟೆ. ಅಜ್ಜಿ ಬಂದು ನನ್ನ ಬೆನ್ನು ಸವರಿದಳು, ಅದರಿಂದ ಇನ್ನಾ ಜೋರ ಅಳು ಬಂತು.

ಸಾಹೇಬ್ರು ಅಲ್ಲೇ ಕುಂತು ಪಂಚಾಯ್ತಿಗೆ ಒಂದು ಕಾಗದ ಬರದ್ರು, ಎರಡೂ ಲೆಕ್ಕದ ಇಸವಿ ಹಾಕಿ, ಸಹಿ ಮಾಡಿ, ಚೀಲದಾಗಿನ ಮುದ್ರಿ ಒತ್ತಿದ್ರು. ಆಮ್ಯಾಲ ಫೋನ್ ತಗೊಂಡು ಒಂದ ಬೆರಳಿಲೆ ಗ್ರೂಪಿಗೆ ಬರಿಯಾಕತ್ತಿದ್ರು. ಬಿಳಿಗುಂಡದೊಡ್ಡಿ ಬಾವಿ 1936ರದ್ದು, ನಾ ತಪ್ಪು ಓದಿದ್ದೆ, ಮಾರೆಪ್ಪ ಆಗ ಬದುಕಿದ್ದ, ಸತ್ತವನ ಮ್ಯಾಲ ಮಷ್ಕಿರಿ ಮಾಡಿದ್ದಕ್ಕ ಅವನ ಮಗಳ ಮುಂದ ಕುಂತು ಮಾಫಿ ಕೇಳೀನಿ, ಅವತ್ತ ನಕ್ಕವ್ರೂ ಕೇಳ್ರಿ ಅಂತ. ಮೊದಲು ಕೇಳಿದಾಕಿ ನಾನು.

ಬಿಸಲು ಇಳಿದ ಮ್ಯಾಲ ಅಜ್ಜಿ ನಮ್ಮನ್ನ ಬಾವಿಗೆ ಕರಕೊಂಡು ಹೋದಳು. ಸಣ್ಣ ಬಾವಿ, ಒರಟು ಕಲ್ಲು, ಆಳದಾಗ ತುಸು ಆಕಾಶ. ಗೌತಮ ಒಂದು ಕೊಡ ಸೇದಿದ.

"ಸಾಹೇಬಾ," ಅಂದಳು ಅಜ್ಜಿ, "ನಿಮ್ಮ ಆ ಅಕ್ಷರದಾಗ ನಮ್ಮಪ್ಪನ ಹೆಸರು ಹ್ಯಾಂಗ ಬರೀತಾರ? ಆ ವಹಿ ಬರದಾಂವ ಬರೀಲಿಲ್ಲಲ್ಲ."

ಸಾಹೇಬ್ರು ಕೊಡದಾಗ ಬೆರಳು ಅದ್ದಿ ಬಾವಿ ಕಲ್ಲಿನ ಮ್ಯಾಲ ಬಲದಿಂದ ಎಡಕ್ಕ ಬರದ್ರು. ಮಾರೆಪ್ಪ. ಅಜ್ಜಿ ಬಗ್ಗಿ ನೋಡಿದಳು, ಮುಟ್ಟೂದ್ರಾಗ ಕಾದ ಕಲ್ಲು ನೀರು ಕುಡೀತು. "ಒಣಗಿತು. ಮತ್ತ ಬರಿ," ಅಂದಳು. ಬರದ್ರು. "ಮತ್ತ ಬರಿ." ಎಷ್ಟು ಸಲ ಬರದ್ರೋ ನಾ ಎಣಸಲಿಲ್ಲ. ಕಡೀಕ ಅಜ್ಜಿನೂ ಬೆರಳು ಅದ್ದಿ ಅವರ ಗೆರಿ ಮ್ಯಾಲ ತನ್ನ ಬೆರಳು ಎಳದಳು.

ನಾ ಮೆಲ್ಲಕ ಕೇಳಿದೆ, "ಸಾಹೇಬ್ರ, ಅಂವ ಬಂದಾನೇನು?"

"ಬಂದಾನ," ಅಂದ್ರು. "ತಿರುಗಿ ನಿಂತಾನ. ಈಕೀದ ಮುಖ ಅವ್ವಾ, ಹಂಗ ಅದ."

ಬಸ್ಸಿನಾಗ ಕುಂತ ಮ್ಯಾಲ ಗೌತಮನ್ನ ಮತ್ತ ಕಟ್ಟಿಗೆ ಕರದು ಲಿಂಕ್ ಕಳಿಸಿದೆ. ಅಂವ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಫೋನೂ ಸಾಹೇಬ್ರ ಫೋನೂ ಒಂದ ಸಲ ಕುಂಯ್ ಅಂದ್ವು. ಅಂವ ಹೊಸಾ ಗ್ರೂಪ್ ಮಾಡಿ ನಮ್ಮಿಬ್ರನ್ನೂ ಸೇರಿಸಿದ್ದ, ‘ಮಾರೆಪ್ಪನ ಬಾವಿ’ ಅಂತ. ಅಲ್ಲಿ ಅಡ್ಮಿನ್ ಅಂವ, ನಾ ಬರೇ ಒಬ್ಬಾಕಿ.

ಸಾಹೇಬ್ರು ಕಣ್ಣೀರು ಒರಸ್ಕೊಂತನ ಶುರು ಹಚ್ಚಿದ್ರು, ಕಲ್ಲಿನ ಮ್ಯಾಲ ಹಿಜರಿ ವರ್ಷಾನೂ ಕೆತ್ತಸು, ಇಲ್ಲಂದ್ರ ನಾ ಬಿಡೂದಿಲ್ಲ ಅಂತ. ನಾನು ಬರದೆ, "ಗೌತಮ, ಅವತ್ತ ನಿನ್ನ ಮಾತು ಮುಗಿಯೂತನಕ ನಾ ಕಾಯಬೇಕಿತ್ತು. ತಪ್ಪಾತಪ್ಪಾ."

ಮ್ಯಾಲ್ಗಡೆ ‘ಗೌತಮ ಟೈಪಿಂಗ್’ ಅಂತ ಬಂತು. ಹೋತು. ಮತ್ತ ಬಂತು. ಹೊರಗ ಹೊಲದ ಮ್ಯಾಲ ಸಂಜಿ ಇಳಿಯಾಕತ್ತಿತ್ತು, ಬಸ್ಸು ತೂಗಾಕತ್ತಿತ್ತು, ನಾನು ಫೋನ್ ಎರಡೂ ಕೈಯಾಗ ಹಿಡಕೊಂಡು ಕುಂತಿದ್ದೆ.

"ಏನಂತಾನ?" ಅಂದ್ರು ಸಾಹೇಬ್ರು.

"ಇನ್ನಾ ಬರಿಯಾಕತ್ತಾನ್ರಿ," ಅಂದೆ. "ಬರೀಲಿ."